ಹಳೆಯ ನುಡಿ ಫೈಲುಗಳನ್ನು ಯೂನಿಕೋಡಿಗೆ ತರುವುದು ಹೇಗೆ? ಹಾಡಿನ ಪುಸ್ತಕವೊಂದು ಸಿಕ್ಕಿಹಾಕಿಕೊಂಡಿದೆ

ಸಾಗರದ ಡಿಟಿಪಿ:

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. 2009ರಿಂದ ನಡೆಸುತ್ತಿದ್ದೇನೆ. ಪೇಜ್‌ಮೇಕರ್ 7 (ಪುಟ ಕಟ್ಟುವ ತಂತ್ರಾಂಶ), ಕನ್ನಡ ಟೈಪಿಂಗಿಗೆ ನುಡಿ, ಒಂದು ಲೇಸರ್ ಪ್ರಿಂಟರ್. ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲಾ ಇದರಲ್ಲೇ ಆಗಿದೆ. ಇಷ್ಟು ದಿನ ಬದಲಾಯಿಸಬೇಕು ಅಂತ ಅನಿಸಿರಲಿಲ್ಲ.

ಈಗ ಒಂದು ಕೆಲಸ ಬಂದಿದೆ. 2011ರಲ್ಲಿ ಹಳ್ಳಿಯಿಂದ ಒಬ್ಬರು ಅಮ್ಮ ಬರುತ್ತಿದ್ದರು. ಕೈಯಲ್ಲಿ ಉದ್ದ ಬೈಂಡಿನ ನೋಟ್ ಪುಸ್ತಕ. ಅದರ ತುಂಬಾ ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. ಅವರು ಪಕ್ಕದಲ್ಲಿ ಕೂತು ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಓದುತ್ತಾ ಓದುತ್ತಾ ರಾಗ ಬಂದುಬಿಡುತ್ತಿತ್ತು. ಆಗ ನಾನು ಕೈ ನಿಲ್ಲಿಸಿ ಕೇಳುತ್ತಿದ್ದೆ. ನೂರು ಪ್ರತಿ ಮಾಡಿಸಿ ನೆಂಟರಿಗೆ ಹಂಚಿದರು. ಅವರು ತೀರಿಕೊಂಡು ಎರಡು ವರ್ಷ ಆಯಿತು. ನೋಟ್ ಪುಸ್ತಕ ಗೆದ್ದಲಿಗೆ ಹೋಯಿತಂತೆ. ಅವರ ಮಗಳು ಪುಣೆಯಲ್ಲಿದ್ದಾರೆ. "ಅಮ್ಮನ ಹಾಡು ಮೊಬೈಲಿನಲ್ಲಿ ಓದುವ ಹಾಗೆ ಮಾಡಿಕೊಡಿ, ಒಂದೊಂದೇ ಹಾಡು ವಾಟ್ಸಾಪಿನಲ್ಲಿ ತಂಗಿಯರಿಗೆ ಕಳಿಸಬೇಕು" ಅಂದರು.

ಪೇಜ್‌ಮೇಕರಿನಿಂದ ವರ್ಡಿಗೆ ತಂದು ಕಳಿಸಿದೆ. ಅವರು ಸ್ಕ್ರೀನ್‌ಶಾಟ್ ವಾಪಸ್ ಕಳಿಸಿದರು. ಮುನ್ನುಡಿಯಲ್ಲಿ "ಕನ್ನಡ" ಅಂತ ಇದ್ದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ. ಪುಸ್ತಕ ಪೂರ್ತಿ ಹಾಗೇ. ಪಿಡಿಎಫ್ ಮಾಡಿ ಕೊಟ್ಟೆ. ಓದಲು ಬರುತ್ತದೆ, ಆದರೆ ಕಾಪಿ ಮಾಡಿದರೆ ಮತ್ತೆ ಅದೇ ಪಿ, ಪೌಂಡು. ಹಾಡಿನ ಹೆಸರು ಹಾಕಿ ಹುಡುಕಿದರೂ ಸಿಗುವುದಿಲ್ಲ.

ಒತ್ತು, ದೀರ್ಘ ಕೆಡದ ಹಾಗೆ ಬದಲಾಯಿಸುವುದು ಹೇಗೆ? ಎಲ್ಲಾ ಮೊಬೈಲು, ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗೇ ಕಾಣುವ ಯೂನಿಕೋಡಿಗೆ ಹೋದರೆ ಕೀಬೋರ್ಡ್ ಹೊಸದಾಗಿ ಕಲಿಯಬೇಕಾ? ನನ್ನ ಬೆರಳಿಗೆ ಕನ್ನಡ ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಅದು ಹೋದರೆ ಸೀಸನ್ನಿನಲ್ಲಿ ದಿನಕ್ಕೆ ಹತ್ತು ಕಾರ್ಡು ಮುಗಿಸಲು ಆಗುವುದಿಲ್ಲ. ಇನ್ನೊಂದು, ಸಿಸ್ಟಂ ನಾಲ್ಕನೇ ಜನರೇಶನ್ನಿನ ಐ3, ವಿಂಡೋಸ್ 10. ರಿಪೇರಿಯವರು ಹೊಸದೇ ತಗೊಳ್ಳಿ ಅನ್ನುತ್ತಾರೆ. ಹೌದಾ?

ಕರಡು ತಿದ್ದುವವ, ಧಾರವಾಡ:

ಅಕ್ಕಾ, ಮೊದಲು ಕೀಬೋರ್ಡಿನ ಚಿಂತೆ ಬಿಡಿ. ನುಡಿಯಲ್ಲಿರುವುದು ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸದ ಮೇಲೆ ನಿಂತಿದ್ದು. ಯೂನಿಕೋಡಿಗೂ ಅದೇ ಕೀಲಿಗಳು. ನುಡಿಯ ಈಚಿನ ಆವೃತ್ತಿ ಹಾಕಿಕೊಂಡು ಯೂನಿಕೋಡ್ ಆಯ್ಕೆ ಮಾಡಿದರೆ ಸಾಕು. ಕೆ, ಎನ್, ಎಫ್, ಎನ್, ಡಬ್ಲ್ಯೂ ಅಂತಲೇ ಒತ್ತಿ, ಕನ್ನಡ ಅಂತಲೇ ಬರುತ್ತದೆ. ಒಳಗೆ ಉಳಿಯುವುದು ಮಾತ್ರ ಬೇರೆ.

ಯಾಕೆ ಕೆಡುತ್ತದೆ ಅಂತ ತಿಳಿದರೆ ತಿದ್ದುವುದು ಸುಲಭ. ಹಳೆಯ ನುಡಿ ಫಾಂಟ್ ಅಕ್ಷರವನ್ನು ಉಳಿಸುವುದಿಲ್ಲ, ಅಕ್ಷರದ ತುಂಡುಗಳನ್ನು ಉಳಿಸುತ್ತದೆ. ಅದರಲ್ಲಿ ಮ ಅಂತ ಬಿಡಿ ಅಕ್ಷರವೇ ಇಲ್ಲ. ವ ಬರೆದು ಕೊಂಬು ಹಚ್ಚಿದರೆ ಮ. ಯ ಅನ್ನುವುದು ನಾಲ್ಕು ತುಂಡು, ಅದರ ಮೊದಲ ತುಂಡು ಸೊನ್ನೆಯೇ. ಅಚ್ಚುಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸದ ಹಾಗೆ ಅಂದುಕೊಳ್ಳಿ. ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ಅದಕ್ಕೇ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ.

ಬದಲಾಯಿಸುವ ತಂತ್ರಾಂಶ ಬೇಕಾದಷ್ಟಿವೆ. ನುಡಿಯಲ್ಲಿದೆ, ಬರಹ ಅನ್ನುವ ತಂತ್ರಾಂಶದಲ್ಲಿದೆ, ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತು ಪುಟ ಹಾಕಿ ನೋಡಿ. ಅರ್ಕಾವತ್ತನ್ನು ಮೊದಲು ನೋಡಿ. ನುಡಿಯಲ್ಲಿ ಕರ್ಪೂರ ಬರೆದರೆ ಅರ್ಕಾವತ್ತಿನ ತುಂಡು ಪೂ ಆದಮೇಲೆ ಕೂತಿರುತ್ತದೆ. ಯೂನಿಕೋಡಿನಲ್ಲಿ ಪೂಗಿಂತ ಮುಂಚೆ ರ್ ಬರಬೇಕು. ಒಳ್ಳೆಯ ತಂತ್ರಾಂಶ ಅದನ್ನು ಹಿಂದಕ್ಕೆ ಒಯ್ಯುತ್ತದೆ, ಕೆಟ್ಟದ್ದು ಅಲ್ಲೇ ಬಿಟ್ಟು ಪಕ್ಕದ ಅಕ್ಷರಕ್ಕೆ ಅಂಟಿಸುತ್ತದೆ. "ಅಕ್ಕಿ", "ಬೆಣ್ಣೆ" ತರಹದ ಪದಗಳನ್ನೂ ನೋಡಿ. ಅಲ್ಲಿ ನುಡಿ ಸ್ವರದ ಗುರುತನ್ನು ಮೊದಲಿಟ್ಟು ಒತ್ತನ್ನು ಆಮೇಲೆ ಇಡುತ್ತದೆ. ಯೂನಿಕೋಡಿನಲ್ಲಿ ಅದು ತಿರುಗಾ ಮುರುಗಾ.

ಇಂಗ್ಲಿಷ್ ಪದ ಇದ್ದರೆ ಮೊದಲೇ ತೆಗೆದಿಡಿ. ಬರೀ ಟೆಕ್ಸ್ಟ್ ಆದಮೇಲೆ ಯಾವುದು ಇಂಗ್ಲಿಷ್ ಫಾಂಟಿನ ಪಿ, ಯಾವುದು ನುಡಿ ಫಾಂಟಿನ ಕ ಅಂತ ತಂತ್ರಾಂಶಕ್ಕೆ ಗೊತ್ತಾಗುವುದಿಲ್ಲ. ಎಲ್ಲವನ್ನೂ ಕನ್ನಡ ಮಾಡಿಬಿಡುತ್ತದೆ. ಅಂಕಿಗಳನ್ನೂ ನೋಡಿಕೊಳ್ಳಿ. ನುಡಿ 01 ಕೆ ಫಾಂಟಿನಲ್ಲಿ ಕನ್ನಡ ಅಂಕಿ, ಇ ಫಾಂಟಿನಲ್ಲಿ ಇಂಗ್ಲಿಷ್ ಅಂಕಿ.

ಹೆಸರುಗಳಿಗೆ ಮಾತ್ರ ಜಾಸ್ತಿ ಹೊತ್ತು ಕೊಡಿ. ರಾಜ್‌ಕುಮಾರ್ ಅನ್ನುವುದು ರಾಜ್ಕುಮಾರ್ ಆಗಿಬಿಡುತ್ತದೆ. ಮಧ್ಯೆ ಕಾಣದ ಒಂದು ಗುರುತು ಹಾಕಬೇಕು, ಒತ್ತು ಅಂಟಿಕೊಳ್ಳದ ಹಾಗೆ ತಡೆಯುವುದು ಅದೇ. ಮದುವೆ ಕಾರ್ಡಿನಲ್ಲಿ ಮದುಮಗನ ಹೆಸರು ಕೆಟ್ಟರೆ ಯಾರೂ ಕ್ಷಮಿಸುವುದಿಲ್ಲ.

ಹಾಸನದಿಂದ:

ಸಿಸ್ಟಂ ಬಗ್ಗೆ ಹೇಳುತ್ತೇನೆ ಮೇಡಂ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅದು ನಿಜ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಬೇಕು. ನಿಮ್ಮದಕ್ಕೆ ಹಾಕುವಂತಿಲ್ಲ. ಆದರೆ ಅದನ್ನು ಗುಜರಿಗೆ ಹಾಕಬೇಡಿ. ಪೇಜ್‌ಮೇಕರ್ ಇರುವ ಯಂತ್ರ ಹಾಗೇ ಇರಲಿ. ನೆಟ್ ಮಾತ್ರ ತೆಗೆದುಬಿಡಿ. ಹಾರ್ಡ್ ಡಿಸ್ಕ್ ಹಳೆಯದಾದರೆ ಒಂದು ಎಸ್‌ಎಸ್‌ಡಿ ಹಾಕಿಸಿ. ಅದಕ್ಕೂ ಮೊದಲು ಎಲ್ಲಾ ಫೈಲು, ಫಾಂಟು ಎರಡು ಕಡೆ ಕಾಪಿ ಮಾಡಿಡಿ. ಫಾಂಟ್ ಮರೆಯಬೇಡಿ. ಫಾಂಟ್ ಇಲ್ಲದ ನುಡಿ ಫೈಲು ಆ ಸ್ಕ್ರೀನ್‌ಶಾಟಿನ ಹಾಗೇ.

ಹೊಸ ಕೆಲಸಕ್ಕೆ ಇನ್ನೊಂದು ಸೆಕೆಂಡ್‌ಹ್ಯಾಂಡ್ ಸಿಸ್ಟಂ ತಗೊಂಡು ವಿಂಡೋಸ್ ಬದಲು ಉಬುಂಟು ಹಾಕಿದರೂ ನಡೆಯುತ್ತದೆ. ಅದರಲ್ಲಿ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶದ ಮೂಲಕ ಕೆಜಿಪಿ (ನುಡಿಯದೇ) ಕೀಲಿ ವಿನ್ಯಾಸ ಸಿಗುತ್ತದೆ, ನಿಮ್ಮ ಬೆರಳಿಗೆ ಪರಿಚಯದ್ದೇ. ಪುಟ ಕಟ್ಟಲು ಸ್ಕ್ರೈಬಸ್ ಇದೆ, ಈಗಿನ ಆವೃತ್ತಿಯಲ್ಲಿ ಕನ್ನಡ ಒತ್ತು ಸರಿಯಾಗಿ ಕೂರುತ್ತದೆ. ಒಂದು ಹಾಡಿನ ಪುಸ್ತಕಕ್ಕೆ ಲಿಬ್ರೆ ಆಫೀಸೇ ಧಾರಾಳ ಸಾಕು.

ಪ್ರೆಸ್ಸಿನವ, ಶಿವಮೊಗ್ಗ:

ನಾನು ಎರಡು ವರ್ಷದ ಹಿಂದೆ ಬದಲಾಯಿಸಿದೆ. ಬಹಳ ಜನ ಹೆದರಿಸಿದ್ದರು, ಯೂನಿಕೋಡಿನಲ್ಲಿ ಚೆಂದದ ಫಾಂಟ್ ಇಲ್ಲ ಅಂತ. ಹಾಗೇನಿಲ್ಲ. ಬಾಲೂ ತಮ್ಮ ತಲೆಬರಹಕ್ಕೆ ಚೆನ್ನಾಗಿದೆ. ಅನೇಕ್ ಕನ್ನಡ, ನೋಟೋ ಸೆರಿಫ್ ಕನ್ನಡ ಪುಸ್ತಕಕ್ಕೆ ಆಗುತ್ತವೆ. ಎಲ್ಲಾ ಪುಕ್ಕಟೆ.

ಇನ್‌ಡಿಸೈನ್ (ಇದೂ ಪುಟ ಕಟ್ಟುವ ತಂತ್ರಾಂಶವೇ) ಬಳಸುವುದಾದರೆ ಪ್ಯಾರಾಗ್ರಾಫಿನ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ನನಗೆ ಮೊದಲ ವಾರ ಇದು ಗೊತ್ತಿರಲಿಲ್ಲ. ಒತ್ತುಗಳೆಲ್ಲ ಅಕ್ಷರದ ಪಕ್ಕ ಬಿದ್ದಿದ್ದವು. ಫೈಲೇ ಕೆಟ್ಟಿದೆ ಅಂದುಕೊಂಡು ಎರಡು ದಿನ ಮತ್ತೆ ಟೈಪ್ ಮಾಡಿಸಿದೆ. ಫ್ಲೆಕ್ಸ್ ಅಂಗಡಿಗೆ ಕಳಿಸುವಾಗ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಗೆರೆಯ ಚಿತ್ರವಾಗಿಸಿ, ಪಿಡಿಎಫ್ ಕೊಡಿ, ಅವರ ಹತ್ತಿರ ಫಾಂಟ್ ಇದೆಯೋ ಇಲ್ಲವೋ ಅನ್ನುವ ತಕರಾರೇ ಬರುವುದಿಲ್ಲ.

ಹಳೆಯ ಮದುವೆ ಕಾರ್ಡುಗಳನ್ನೆಲ್ಲ ಬದಲಾಯಿಸಲು ಹೋಗಬೇಡಿ ಮೇಡಂ. ಸುಮ್ನೆ ಸಮಯ ಹಾಳು. ಮತ್ತೆ ಬೇಕಾಗುವಂಥದ್ದು ಮಾತ್ರ ಮಾಡಿ.

ಸಾಗರದ ಡಿಟಿಪಿ:

ಹನ್ನೊಂದು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಪೇಜ್‌ಮೇಕರಿನಲ್ಲಿ ಒಂದೊಂದು ಹಾಡೂ ಬೇರೆ ಬೇರೆ ಬ್ಲಾಕಿನಲ್ಲಿತ್ತು. ಹಾಗಾಗಿ ಒಂದೊಂದನ್ನೇ ಎಕ್ಸ್‌ಪೋರ್ಟ್ ಮಾಡಬೇಕಾಯಿತು. ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ದಿನಕ್ಕೆ ಹದಿನೈದು ಹಾಡು ಮಾಡಿದೆ. ಪುಣ್ಯಕ್ಕೆ ಅಂಗಡಿಯಲ್ಲಿ ಸ್ಯಾಂಪಲ್ ಅಂತ ಇಟ್ಟುಕೊಂಡ ಒಂದು ಪ್ರತಿ ಇತ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ನೋಡಿದೆ. ಧಾರವಾಡದವರು ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲು ಬಳಸಿದ ತಂತ್ರಾಂಶ ಕರ್ಪೂರದ ಅರ್ಕಾವತ್ತನ್ನು ಎಲ್ಲಾ ಆರತಿ ಹಾಡಿನಲ್ಲೂ ಕೆಡಿಸಿತ್ತು. ಎರಡನೆಯದರಲ್ಲಿ ಸರಿ ಬಂತು.

ಕೀಬೋರ್ಡಿಗೆ ಒಂದು ಗಂಟೆಯೂ ಬೇಕಾಗಲಿಲ್ಲ. ಈ ವಾರದ ಎರಡು ಗೃಹಪ್ರವೇಶದ ಕಾರ್ಡು ಯೂನಿಕೋಡಿನಲ್ಲೇ ಮಾಡಿದೆ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ವಿಷಯ ಹಾಗೇ ಅಂಟಿಸಿದರೆ ಆಯಿತು, ಮತ್ತೆ ಟೈಪ್ ಮಾಡುವುದೇ ಇಲ್ಲ. ಇಷ್ಟು ವರ್ಷ ಅದೇ ವಿಷಯ ಮೊಬೈಲ್ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಿದ್ದೆ. ಹಳೇ ಸಿಸ್ಟಮಿನ ನೆಟ್ ತೆಗೆದಿದ್ದೇನೆ. ಹೊಸದನ್ನು ದೀಪಾವಳಿ ಆದಮೇಲೆ ನೋಡುತ್ತೇನೆ.

ನಿನ್ನೆ ಮೊದಲ ನಲವತ್ತು ಹಾಡು ಪುಣೆಗೆ ಕಳಿಸಿದೆ. ರಾತ್ರಿ ಅವರು ಫೋನ್ ಮಾಡಿ, ತೊಟ್ಟಿಲ ಹಾಡೊಂದನ್ನು ಮೊಬೈಲ್ ನೋಡಿಕೊಂಡು ಪೂರ್ತಿ ಹಾಡಿದರು. ಅವರ ಅಮ್ಮನದೇ ರಾಗ. ಮೂರನೇ ಚರಣದಲ್ಲಿ ನಿಲ್ಲಿಸಿ, "ಇಲ್ಲಿ ಅಮ್ಮ ಬೇರೆ ಪದ ಹೇಳ್ತಿದ್ದ ನೆನಪು" ಅಂದರು. ಅಚ್ಚಾದ ಪ್ರತಿಯಲ್ಲೂ ಈಗಿರುವ ಪದವೇ ಇದೆ. ಅಂದರೆ ಬದಲಾಯಿಸುವಾಗ ಕೆಟ್ಟಿದ್ದಲ್ಲ. 2011ರಲ್ಲಿ ನಾನೇ ತಪ್ಪು ಕೇಳಿಸಿಕೊಂಡಿರಬೇಕು, ಇಲ್ಲವೇ ನೋಟ್ ಪುಸ್ತಕದಲ್ಲೇ ಹಾಗಿತ್ತು. ಆ ಅಮ್ಮನ ತಂಗಿ ಹೊಸನಗರದ ಕಡೆ ಇದ್ದಾರಂತೆ, ಈ ಹಾಡುಗಳೆಲ್ಲ ಅವರಿಗೂ ಬರುತ್ತವಂತೆ. ಭಾನುವಾರ ಪ್ರಿಂಟ್ ತಗೊಂಡು ಹೋಗಿ ಕೇಳಿಕೊಂಡು ಬರುತ್ತೇನೆ. ಉಳಿದ ಹಾಡು ಆಮೇಲೆ ಕಳಿಸುತ್ತೇನೆ ಅಂತ ಹೇಳಿದ್ದೇನೆ.