ಟಾರ್ಕ್‌ಗೆ ‘ಎಳೆತ’ ಸಾಕೇ? ಟರ್ಬೋ ಲ್ಯಾಗ್‌ಗೆ ‘ದಮ್ಮು ಕಟ್ಟು’ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

‘ಟಾರ್ಕ್’ (ಎಂಜಿನ್ನಿನ ತಿರುಗಿಸುವ ಬಲ), ‘ಟರ್ಬೋ ಲ್ಯಾಗ್’ (ಕಾಲು ಒತ್ತಿದ ಮೇಲೆ ಟರ್ಬೋ ಎಂಜಿನ್ ಎಳೆಯತೊಡಗಲು ಆಗುವ ತಡ) ಎಂಬ ಎರಡಕ್ಕೆ ಕನ್ನಡ ಪದ ಹುಡುಕುತ್ತಿದ್ದೇನೆ, ನಿಮ್ಮೆಲ್ಲರ ಅಭಿಪ್ರಾಯ ಬೇಕು. ಕಾಗದ ಸ್ವಲ್ಪ ಉದ್ದವಾಗಿದೆ. ವಸ್ತು ಏನೆಂದು ಬಿಡಿಸಿ ಹೇಳದೆ ಪದ ಕೇಳಿದರೆ ಉಪಯೋಗವಿಲ್ಲವೆಂದು ವಿವರವಾಗಿಯೇ ಬರೆದಿದ್ದೇನೆ.

ನಾನು ಪತ್ರಿಕೆಯೊಂದಕ್ಕೆ ವಾಹನಗಳ ಅಂಕಣ ಬರೆಯುತ್ತೇನೆ. ಹೋದ ತಿಂಗಳು ನಮ್ಮ ಭಾವನ ಹ್ಯುಂಡೈ ವೆನ್ಯೂ ಎನ್ ಲೈನ್ (ವೆನ್ಯೂ ಕಾರಿನ ‘ಸ್ಪೋರ್ಟಿ’ ಮಾದರಿ) ಓಡಿಸಿ ಅದರ ಬಗ್ಗೆ ಬರೆದೆ. ಕರಡಿನಲ್ಲಿ ‘ಟಾರ್ಕ್’ ಮತ್ತು ‘ಪವರ್’ ಎಂದೇ ಬರೆದಿದ್ದೆ. ಅಚ್ಚಾಗಿ ಬಂದಾಗ ಎರಡೂ ‘ಶಕ್ತಿ’ ಆಗಿದ್ದವು. ‘ಗರಿಷ್ಠ ಶಕ್ತಿ 1500 ಸುತ್ತಿಗೇ ಸಿಗುತ್ತದೆ’ ಎಂದು ಒಂದು ಸಾಲು. ಅದರ ಕೆಳಗೇ ‘ಗರಿಷ್ಠ ಶಕ್ತಿ 6000 ಸುತ್ತಿಗೆ ಸಿಗುತ್ತದೆ’ ಎಂದು ಇನ್ನೊಂದು. (ಸುತ್ತು ಎಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಆರ್‌ಪಿಎಂ.) ಓದುಗರೊಬ್ಬರು ಫೋನ್ ಮಾಡಿ, “ಎರಡರಲ್ಲಿ ಯಾವುದು ಸರಿ ಸ್ವಾಮಿ?” ಎಂದು ಕೇಳಿದರು. ಎರಡೂ ಸರಿ ಎಂದು ಅವರಿಗೆ ತಿಳಿಯಹೇಳಲು ಹತ್ತು ನಿಮಿಷ ಹಿಡಿಯಿತು. ಒಂದೇ ಪದ ಎರಡು ಬೇರೆ ವಸ್ತುಗಳ ಮೇಲೆ ಕೂತರೆ ಓದುಗನಿಗೆ ಮೋಸವಾಗುತ್ತದೆ. ಅವತ್ತಿನಿಂದ ಇದು ನನ್ನನ್ನು ಕಾಡುತ್ತಿದೆ.

ಮೊದಲು ವಸ್ತು. 2022ರ ಸೆಪ್ಟೆಂಬರ್‌ನಲ್ಲಿ ಬಂದ ಈ ಕಾರಿನ ಎಂಜಿನ್ ಬರೀ 998 ಸಿಸಿ, ಮೂರು ಸಿಲಿಂಡರ್, ಟರ್ಬೋ. ಅಶ್ವಶಕ್ತಿ 120, ಅದು 6000 ಸುತ್ತಿನಲ್ಲಿ. ಟಾರ್ಕ್ 172 ನ್ಯೂಟನ್ ಮೀಟರ್, ಅದು 1500 ಸುತ್ತಿನಿಂದ 4000 ಸುತ್ತಿನವರೆಗೂ ಒಂದೇ ಸಮ. ಇದೇ ವೆನ್ಯೂ ಟರ್ಬೋ ಇಲ್ಲದ 1197 ಸಿಸಿ, ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲೂ ಸಿಗುತ್ತಿತ್ತು. ಗಾತ್ರದಲ್ಲಿ ದೊಡ್ಡದು, ಆದರೆ ಅಶ್ವಶಕ್ತಿ 83, ಟಾರ್ಕ್ ಸುಮಾರು 114, ಅದೂ 4000 ಸುತ್ತಿಗೆ ಹೋದಮೇಲೆ. ಚಿಕ್ಕ ಎಂಜಿನ್ನೇ ದೊಡ್ಡದನ್ನು ಮೀರಿಸುವುದು ಹೇಗೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಈಗ ಟಾರ್ಕ್. ಬೀಸುಕಲ್ಲಿನ ಮುಂದೆ ಕೂತದ್ದನ್ನು ನೆನಪು ಮಾಡಿಕೊಳ್ಳಿ. ಗೂಟ ಕಲ್ಲಿನ ಅಂಚಿನಲ್ಲಿದ್ದರೆ ಸಲೀಸಾಗಿ ತಿರುಗುತ್ತದೆ. ಅದೇ ಗೂಟವನ್ನು ನಡುವಿನ ಹತ್ತಿರ ಹೊಡೆದರೆ ಎಷ್ಟು ಕೈ ಹಾಕಿದರೂ ಕಲ್ಲು ಅಲುಗುವುದು ಕಷ್ಟ. ಕೈಯ ಬಲವನ್ನು, ನಡುವಿನಿಂದ ಗೂಟಕ್ಕಿರುವ ದೂರವನ್ನು ಗುಣಿಸಿದರೆ ಬರುವುದೇ ಟಾರ್ಕ್. ಗಂಟೆಗೆ ಎಷ್ಟು ಸೇರು ರಾಗಿ ಬೀಸಿದಿರಿ ಎನ್ನುವುದು ಪವರ್. ಗಟ್ಟಿಯಾಗಿ ತಿರುಗಿಸುವುದು ಬೇರೆ, ಗಟ್ಟಿಯಾಗಿಯೂ ಬೇಗಬೇಗನೂ ತಿರುಗಿಸುವುದು ಬೇರೆ. ಈ ಕಾರಿನ ಲೆಕ್ಕವನ್ನೇ ನೋಡಿ. ನ್ಯೂಟನ್ ಮೀಟರನ್ನು ಸುತ್ತಿನಿಂದ ಗುಣಿಸಿ 7023ರಿಂದ ಭಾಗಿಸಿದರೆ ಅಶ್ವಶಕ್ತಿ ಬರುತ್ತದೆ. 1500 ಸುತ್ತಿನಲ್ಲಿ ಟಾರ್ಕ್ ಪೂರ್ತಿ 172 ಇದ್ದರೂ ಅಶ್ವಶಕ್ತಿ 37ರ ಆಸುಪಾಸು. 4000ಕ್ಕೆ ಹೋದಾಗ ಅದೇ 172ಕ್ಕೆ 98. 6000ಕ್ಕೆ ಹೋಗುವಷ್ಟರಲ್ಲಿ ಟಾರ್ಕ್ ಸುಮಾರು 140ಕ್ಕೆ ಇಳಿದಿರುತ್ತದೆ, ಅಶ್ವಶಕ್ತಿ ಮಾತ್ರ 120ಕ್ಕೆ ಏರಿರುತ್ತದೆ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಹೀಗಿರುವಾಗ ಎರಡನ್ನೂ ‘ಶಕ್ತಿ’ ಎಂದು ಕರೆಯುವುದು ಹೇಗೆ?

ಪವರ್‌ಗೆ ನಮ್ಮಲ್ಲಿ ತೊಂದರೆಯಿಲ್ಲ. ಶಾಲೆಯ ಪುಸ್ತಕದಲ್ಲಿ ಬಲ (ಫೋರ್ಸ್), ಶಕ್ತಿ (ಎನರ್ಜಿ), ಸಾಮರ್ಥ್ಯ (ಪವರ್) ಮೂರೂ ಬೇರೆ ಬೇರೆ. ಬೋರ್‌ವೆಲ್ ಇರುವ ಪ್ರತಿ ರೈತನಿಗೂ ‘ಹೆಚ್‌ಪಿ’ ಗೊತ್ತು, ಐದು ಹೆಚ್‌ಪಿ ಮೋಟರಿಗೂ ಏಳೂವರೆಗೂ ಇರುವ ವ್ಯತ್ಯಾಸ ಗೊತ್ತು. ನಾನು ‘ಅಶ್ವಶಕ್ತಿ’ಯನ್ನೇ ಇಟ್ಟುಕೊಳ್ಳುತ್ತೇನೆ. ಕಷ್ಟವಿರುವುದು ಟಾರ್ಕ್‌ಗೆ.

ಗ್ಯಾರೇಜಿನಲ್ಲಿ, ಚಹಾದಂಗಡಿಯಲ್ಲಿ ಜನ ಆಡುವ ಮಾತು ‘ಪಿಕಪ್’. “ಗಾಡಿಗೆ ಒಳ್ಳೇ ಪಿಕಪ್ ಐತೆ.” ಇದು ಜೀವಂತ ಪದ, ನಾನು ಕೀಳಾಗಿ ಕಾಣುವುದಿಲ್ಲ. ಆದರೆ ಪಿಕಪ್ ಎಂದರೆ ಕಾರು ವೇಗ ಹಿಡಿಯುವ ಪರಿ. ಅದರಲ್ಲಿ ಟಾರ್ಕ್, ಅಶ್ವಶಕ್ತಿ, ಗೇರು, ಕಾರಿನ ತೂಕ ಎಲ್ಲವೂ ಕಲಸಿಕೊಂಡಿವೆ. ಮೇಲಾಗಿ ತರಕಾರಿ ಹೇರಿಕೊಂಡು ಮಾರ್ಕೆಟ್ಟಿಗೆ ಹೋಗುವ ಗಾಡಿಗೂ ಪಿಕಪ್ ಎಂದೇ ಹೆಸರು.

‘ಎಳೆತ’ ನನಗೆ ಬಹಳ ಇಷ್ಟ. “ಗಾಡಿ ಚೆನ್ನಾಗಿ ಎಳೀತದೆ” ಎಂದು ಹಳೇ ಮೈಸೂರಿನ ಕಡೆ, “ಜಗ್ಗತೈತಿ” ಎಂದು ಧಾರವಾಡದ ಕಡೆ. ಎತ್ತಿನ ಗಾಡಿಯಿಂದ ನೇರ ಬಂದ ಮಾತು, ಯಾರಿಗೂ ಅರ್ಥ ಹೇಳಿಕೊಡಬೇಕಾಗಿಲ್ಲ. ಗುರುತ್ವಕ್ಕೆ, ಆಯಸ್ಕಾಂತಕ್ಕೆ ‘ಸೆಳೆತ’ ಹೋಗಿಬಿಟ್ಟಿದೆ. ‘ಎಳೆತ’ ಇನ್ನೂ ಬಿಡುವಾಗಿದೆ. ಆದರೆ ಒಂದು ಆಕ್ಷೇಪಣೆಯನ್ನು ನಾನೇ ಎತ್ತುತ್ತೇನೆ. ಎಳೆತ ನೇರ ದಾರಿಯದು. ಟಾರ್ಕ್ ತಿರುಗುವ ದಾರಿಯದು. ಎಂಜಿನ್ನಿನಲ್ಲಿ 172 ಇದ್ದರೂ ಮೊದಲ ಗೇರಿನಲ್ಲಿ ಚಕ್ರಕ್ಕೆ ಸಿಗುವ ಎಳೆತವೇ ಬೇರೆ, ಏಳನೇ ಗೇರಿನಲ್ಲಿ ಸಿಗುವುದೇ ಬೇರೆ. ಹಾಗಾಗಿ ‘ಎಂಜಿನ್ನಿನ ಎಳೆತ 172’ ಎಂದರೆ ನಿಷ್ಠುರವಾಗಿ ನೋಡಿದರೆ ತಪ್ಪು.

ಅದಕ್ಕೆ ಇನ್ನೊಂದು ಪದ ತೋಚಿತು: ‘ತಿರುಪು’. ತಿರುಪುಮೊಳೆ, ತಿರುಪುಳಿ ಎಂದು ಬಡಗಿಯ ಪೆಟ್ಟಿಗೆಯಲ್ಲೇ ಇದೆ. ಟಾರ್ಕ್‌ನ ಲ್ಯಾಟಿನ್ ಮೂಲಕ್ಕೂ ತಿರುಚು ಎಂದೇ ಅರ್ಥ. ‘ತಿರುಚು’ ಎಂದು ಬರೆದರೆ ಕಿವಿ ತಿರುಚಿದ ಹಾಗೆ, ಮಾತು ತಿರುಚಿದ ಹಾಗೆ ಕೇಳಿಸುತ್ತದೆ, ಬೇಡ. ‘ತಿರುಪುಬಲ 172 ನ್ಯೂಟನ್ ಮೀಟರ್’ ಎಂದು ಅಂಕಿಯ ಜೊತೆಗೆ, ‘ಎಳೆತ’ವನ್ನು ರಸ್ತೆಯ ಮೇಲಿನ ಅನುಭವ ಹೇಳುವಾಗ, ಹೀಗೆ ಎರಡನ್ನೂ ಬಳಸಿದರೆ ಹೇಗೆ? ನನ್ನ ಮನಸ್ಸು ಸದ್ಯ ಇಲ್ಲಿ ನಿಂತಿದೆ.

ಎರಡನೆಯ ಪ್ರಶ್ನೆಗೆ ಟರ್ಬೋದ ಒಳಗೆ ಇಣುಕಬೇಕು. ಎಂಜಿನ್ ಉಗುಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕೋಲಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚು ಸುಡಬಹುದು. ಒಂದು ಲೀಟರಿನ ಎಂಜಿನ್ ತನಗಿಂತ ದೊಡ್ಡದರ ಕೆಲಸ ಮಾಡುವುದು ಹೀಗೆ. ಒತ್ತಿದ ಗಾಳಿ ಬಿಸಿಯಾಗುತ್ತದೆ (ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು), ಅದನ್ನು ತಣಿಸಲು ನಡುವೆ ಇಂಟರ್‌ಕೂಲರ್. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಲ್ಯಾಟಿನ್ನಿನಲ್ಲಿ ‘ಟರ್ಬೋ’ ಎಂದರೆ ಸುಂಟರಗಾಳಿ. ಬುಗುರಿಗೂ ಅದೇ ಹೆಸರು! ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತುವ ಆ ಚಕ್ರಕ್ಕೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ನಮ್ಮ ಕುಲುಮೆಯ ‘ತಿದಿ’ ಮಾಡುವುದೂ ಇದೇ ಕೆಲಸ. ಒಂದೇ ವ್ಯತ್ಯಾಸ, ಇಲ್ಲಿ ಬೆಂಕಿಯ ಹೊಗೆಯೇ ತಿದಿಯನ್ನು ಒತ್ತುತ್ತದೆ. ಹಾಗೆಂದು ಟರ್ಬೋವನ್ನು ತಿದಿ ಎಂದು ಕರೆಯಿರಿ ಎನ್ನುತ್ತಿಲ್ಲ. ಟರ್ಬೋ ಲಾರಿಯವರ ಬಾಯಲ್ಲಿ ಕನ್ನಡವಾಗಿ ಬಹಳ ಕಾಲವಾಯಿತು. ವಿವರಿಸುವಾಗ ತಿದಿ ಸಾಕು.

ಲ್ಯಾಗ್ ಏನೆಂದು ಚಾರ್ಮಾಡಿಯಲ್ಲಿ ಸ್ಪಷ್ಟವಾಗಿ ಕಂಡೆ. ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ, ಗೇರನ್ನು ಕಾರಿಗೆ ಬಿಡದೆ ಸ್ಟೇರಿಂಗಿನ ಹಿಂದಿನ ಪ್ಯಾಡಲ್‌ನಿಂದ ಮೂರರಲ್ಲೇ ಹಿಡಿದಿಟ್ಟುಕೊಂಡಿದ್ದೆ. ಒಂದು ತಿರುವಿನಲ್ಲಿ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು 1500ಕ್ಕಿಂತ ಕೆಳಗೆ ಬಿತ್ತು. ಕಾಲು ಒತ್ತಿದೆ. ಎಂಜಿನ್ ಗುರುಗುಟ್ಟಿತು, ಸ್ಟೇರಿಂಗ್ ನಡುಗಿತು, ಕಾರು ಮುಂದೆ ಹೋಗಲಿಲ್ಲ. ಇದು ಲ್ಯಾಗ್ ಅಲ್ಲ. ಇದಕ್ಕೆ ನಮ್ಮಲ್ಲಿ ಸೊಗಸಾದ ಪದವಿದೆ: ತಿಣುಕು. ಟರ್ಬೋ ತಿರುಗಿಸುವಷ್ಟು ಹೊಗೆಯೇ ಅಲ್ಲಿರಲಿಲ್ಲ. ಮುಂದಿನ ತಿರುವಿನಲ್ಲಿ ಮುಳ್ಳು 2000ದ ಮೇಲಿತ್ತು. ಕಾಲು ತೆಗೆದು ಮತ್ತೆ ಒತ್ತಿದಾಗ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಬೆನ್ನು ಸೀಟಿಗೆ ಅಂಟಿತು. ಆ ಒಂದು ಗಳಿಗೆಯೇ ಲ್ಯಾಗ್. ಹೊಗೆ ಸಾಕಷ್ಟಿದೆ, ಆದರೆ ಬುಗುರಿ ವೇಗ ಹಿಡಿಯಲು ಹೊತ್ತು ಬೇಕು. ಈ ಎರಡನ್ನೂ ಒಂದೇ ಎಂದು ಬರೆಯುವ ವಿಮರ್ಶೆಗಳನ್ನು ಸಾಕಷ್ಟು ಓದಿದ್ದೇನೆ.

ಕೊಟ್ಟಿಗೆಹಾರದಲ್ಲಿ ಚಹಾ ಕುಡಿಯುತ್ತ ಇದನ್ನು ಪಕ್ಕದ ಬೆಂಚಿನಲ್ಲಿದ್ದ ವಯಸ್ಸಾದ ಲಾರಿ ಡ್ರೈವರ್ ಒಬ್ಬರಿಗೆ ಹೇಳಿದೆ. “ಟರ್ಬೋ ಗಾಡಿ ಹಂಗೇ ಸಾರ್,” ಅಂದರು. “ದಮ್ಮು ಕಟ್ಕೊಳ್ಳೋವರ್ಗೂ ಕಾಯ್ಬೇಕು. ಕಟ್ಕೊಂಡ್ ಮ್ಯಾಲೆ ಬಿಡಲ್ಲ, ಎಳ್ಕೊಂಡ್ ಹೋಗ್ತದೆ.”

ಆ ಮಾತು ಕೇಳಿ ಚಹಾ ಹಾಗೇ ಕೈಯಲ್ಲಿ ಉಳಿಯಿತು. ದಮ್ ಪಾರ್ಸಿಯಿಂದ ಬಂದ ಪದ, ಉಸಿರು ಎಂದು ಅರ್ಥ. ಕನ್ನಡಕ್ಕೆ ಬಂದು ಉಸಿರೂ ಆಯಿತು, ಕಸುವೂ ಆಯಿತು: ‘ಮೆಟ್ಟಿಲು ಹತ್ತಿ ದಮ್ಮು ಹತ್ತಿತು’, ‘ದಮ್ಮಿದ್ದರೆ ಬಾ’. ಮುಚ್ಚಳ ಬಿಗಿದು ಬೇಯಿಸುವ ದಮ್ ಬಿರಿಯಾನಿಯೂ ಅದೇ. ಟರ್ಬೋ ಕೊಡುವುದು ಉಸಿರನ್ನು, ಅದರಿಂದ ಬರುವುದು ಕಸುವು. ಎರಡೂ ಅರ್ಥ ಒಂದೇ ಪದದಲ್ಲಿ ಇಷ್ಟು ಸರಿಯಾಗಿ ಕೂರುವುದು ಅಪರೂಪ. ‘ಟರ್ಬೋ ವಿಳಂಬ’ ಎಂದು ಬರೆದರೆ ರೈಲು ತಡವಾಗಿ ಬಂದಂತಿರುತ್ತದೆ. ‘ಹಿಂಜರಿಕೆ’ ಎಂದರೆ ಎಂಜಿನ್ನಿಗೆ ಮನಸ್ಸಿಲ್ಲ ಎಂದಾಗುತ್ತದೆ.

ಆದರೆ ಒಂದು ಅನುಮಾನ. ‘ಉಸಿರು ಕಟ್ಟು’ ಎಂದರೆ ಉಸಿರಾಡಲು ಆಗದಿರುವುದು, ಟರ್ಬೋ ಮಾಡುವುದಕ್ಕೆ ತದ್ವಿರುದ್ಧ. ‘ದಮ್ಮು ಕಟ್ಟು’ ಎಂದಾಗ ನನ್ನ ಕಿವಿಗೆ, ಮೂಟೆ ಎತ್ತುವ ಮೊದಲು ಉಸಿರೆಳೆದು ಎದೆಯಲ್ಲಿ ನಿಲ್ಲಿಸಿಕೊಳ್ಳುವುದು ಎಂದೇ ಕೇಳಿಸುತ್ತದೆ. ಹಾಸನ, ಚಿಕ್ಕಮಗಳೂರಿನ ಕಡೆ ಹೀಗೆ. ಬೇರೆ ಕಡೆ ಇದಕ್ಕೆ ಉಬ್ಬಸದ ಅರ್ಥವಿದ್ದರೆ ನನ್ನ ಸಾಲು ಆ ಓದುಗರಿಗೆ ತಲೆಕೆಳಗಾಗುತ್ತದೆ.

ಇನ್ನೆರಡು ಸಣ್ಣ ಪದಗಳು. ‘ಸಬ್‌ಕಾಂಪ್ಯಾಕ್ಟ್ ಕ್ರಾಸ್‌ಓವರ್’ಗೆ ನಾನು ‘ನಾಲ್ಕು ಮೀಟರಿನ ಎತ್ತರದ ಕಾರು’ ಎಂದು ಬರೆದೆ, ಆಮೇಲೆ ನಾಲ್ಕು ಮೀಟರ್ ಉದ್ದವೋ ಎತ್ತರವೋ ಎಂಬ ಗೊಂದಲ ನನಗೇ ಕಂಡಿತು. ‘ನಾಲ್ಕು ಮೀಟರ್ ಒಳಗಿನ’ ಎಂದರೆ ಸಾಕು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಇಳಿಸಿದ ಮೇಲೆ ಹುಟ್ಟಿದ ಅಳತೆ ಅದು. ವೆನ್ಯೂ 3995 ಮಿಲಿಮೀಟರ್ ಇರುವುದು ಅದಕ್ಕೇ. ‘ಸ್ಪೋರ್ಟಿ’ಗೆ ‘ಚುರುಕು’. ಎನ್ ಲೈನ್‌ನಲ್ಲಿ ಎಂಜಿನ್ ಬದಲಾಗಿಲ್ಲ. ಸಸ್ಪೆನ್ಷನ್ ಬಿಗಿಯಾಗಿದೆ, ಸ್ಟೇರಿಂಗ್ ಕೈಗೆ ತುಸು ಭಾರ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ತಿರುವಿನಲ್ಲಿ ವಾಲುವುದು ಕಡಿಮೆ. ವೇಗ ಹೆಚ್ಚಿಲ್ಲ, ಚುರುಕು ಹೆಚ್ಚಿದೆ. ಅದೇ ಕಂಪನಿಯ ಕೋನಾ ಎನ್‌ಗೆ, ಅದರ ಎರಡು ಲೀಟರ್ ಟರ್ಬೋದ 280 ಅಶ್ವಶಕ್ತಿಗೆ, ನೂರು ಕಿಲೋಮೀಟರ್ ವೇಗ ಮುಟ್ಟುವ ಅದರ 5.5 ಸೆಕೆಂಡಿಗೆ ಈ ಪದ ಸಾಲದು, ಅದು ಬೇರೆ ಜಾತಿ.

ಮುಂದಿನ ಅಂಕಣಕ್ಕೆ ಬರೆದಿಟ್ಟ ಸಾಲು ಇದು: ‘ಕಾಲು ಒತ್ತಿದಾಗ ಟರ್ಬೋ ದಮ್ಮು ಕಟ್ಟಿಕೊಳ್ಳಲು ಒಂದು ಗಳಿಗೆ ಬೇಕು, ಕಟ್ಟಿಕೊಂಡ ಮೇಲೆ 4000 ಸುತ್ತಿನವರೆಗೂ ಎಳೆತ ಸಡಿಲುವುದಿಲ್ಲ.’

ಕಲಬುರ್ಗಿ, ಬಳ್ಳಾರಿ, ಕಾರವಾರದ ಕಡೆಯವರು ಇದನ್ನು ಗಟ್ಟಿಯಾಗಿ ಒಮ್ಮೆ ಓದಿ, ‘ದಮ್ಮು ಕಟ್ಟಿಕೊಳ್ಳಲು’ ಎಂಬಲ್ಲಿ ನಿಮ್ಮ ಎಂಜಿನ್ ಉಸಿರು ತುಂಬಿಕೊಂಡಿತೋ, ಉಬ್ಬಸಪಟ್ಟಿತೋ ದಯವಿಟ್ಟು ತಿಳಿಸಿ. ಶುಕ್ರವಾರ ಪುಟ ಕಟ್ಟುತ್ತಾರೆ.