ಉಂಗುರ ನೀಹಾರಿಕೆಯ ನಡುವಿನ ನಕ್ಷತ್ರ ಎಷ್ಟು ಬಿಸಿ?

ಪ್ರಶ್ನೆ: ಮೇಡಂ, ಮೊನ್ನೆ ನನ್ನ 8 ಇಂಚಿನ ಟೆಲಿಸ್ಕೋಪಿನಲ್ಲಿ ಉಂಗುರ ನೀಹಾರಿಕೆ ಎಂ57 ನೋಡಿದೆ, ಸಾಯುತ್ತಿರುವ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡ ಅದು. ಹೊಗೆಯ ಬಳೆ ಇದ್ದ ಹಾಗಿತ್ತು. ನಡುವಿನ ನಕ್ಷತ್ರ ಕಾಣಲೇ ಇಲ್ಲ. ಅದರ ಉಷ್ಣತೆ ಒಂದು ಲಕ್ಷ ಡಿಗ್ರಿ ದಾಟಿದೆ ಅಂತ ಓದಿದ್ದೇನೆ. ಅಷ್ಟು ಬಿಸಿ ಇದ್ದೂ ಯಾಕೆ ಇಷ್ಟು ಮಂಕು? ಅಳೆದದ್ದಾದರೂ ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಅದು ಸುಮಾರು 16ನೇ ಮ್ಯಾಗ್ನಿಟ್ಯೂಡಿನ ನಕ್ಷತ್ರ (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು), 8 ಇಂಚಿಗೆ ಸಿಗುವುದಿಲ್ಲ. ಗಾತ್ರ ಚಿಕ್ಕದು. ಅಷ್ಟು ಬಿಸಿ ಇರುವುದರಿಂದ ಬೆಳಕಿನ ಬಹುಪಾಲು ಅತಿನೇರಳೆಯಲ್ಲಿ ಹೋಗುತ್ತದೆ, ನಮ್ಮ ಕಣ್ಣಿಗೆ ಉಳಿಯುವುದು ಚೂರು.

ಆ ಅತಿನೇರಳೆಯನ್ನು ಸುತ್ತಲಿನ ಅನಿಲ ಹೀರಿಕೊಳ್ಳುತ್ತದೆ. 13.6 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅಳತೆ) ಮೀರಿದ ಒಂದೊಂದು ಫೋಟಾನ್, ಅಂದರೆ ಬೆಳಕಿನ ಕಣ, ಒಂದೊಂದು ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುತ್ತದೆ. ಎಲೆಕ್ಟ್ರಾನ್ ಮರಳಿ ಸೇರುವಾಗ ಕಣ್ಣಿಗೆ ಕಾಣುವ ಬಾಮರ್ ಗೆರೆಗಳು, ಅಂದರೆ ಹೈಡ್ರೋಜನ್‌ನದೇ ಆದ ಕೆಲವು ನಿಗದಿತ ಬಣ್ಣಗಳು, ಹೊಳೆಯುತ್ತವೆ. ಮದುವೆ ಮನೆಯಲ್ಲಿ ಎಂಜಲೆಲೆ ಎಣಿಸಿದರೆ ಎಷ್ಟು ಜನ ಉಂಡರು ಅಂತ ಗೊತ್ತಾಗುತ್ತದಲ್ಲ, ಹಾಗೆ. ಬಾಮರ್ ಬೆಳಕನ್ನು ಅಳೆದು ಅತಿನೇರಳೆ ಫೋಟಾನ್‌ಗಳ ಲೆಕ್ಕ ಹಾಕುತ್ತೇವೆ. ಅದನ್ನು ನಕ್ಷತ್ರದ ಕಾಣುವ ಬೆಳಕಿನ ಜೊತೆ ಹೋಲಿಸಿದರೆ ಉಷ್ಣತೆ ಸಿಗುತ್ತದೆ. ಇದು ಝಾನ್‌ಸ್ಟ್ರಾ ವಿಧಾನ.

ಪ್ರಶ್ನೆ: ಉಣ್ಣದೇ ಹೊರಟು ಹೋದವರು?

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದಿರಿ! ಅನಿಲ ತೆಳುವಾಗಿದ್ದರೆ ಫೋಟಾನ್‌ಗಳು ಸೋರಿ ಹೋಗುತ್ತವೆ, ಉಷ್ಣತೆ ಕಡಿಮೆ ಬರುತ್ತದೆ. ಅದಕ್ಕೇ ಹೀಲಿಯಂನಿಂದಲೂ ಲೆಕ್ಕ ಹಾಕುತ್ತೇವೆ. ಅದರ ಎರಡನೇ ಎಲೆಕ್ಟ್ರಾನ್ ಕೀಳಲು 54.4 ಎಲೆಕ್ಟ್ರಾನ್ ವೋಲ್ಟ್ ಬೇಕು. ಅಂಥ ಫೋಟಾನ್‌ಗಳು ಅಷ್ಟು ಸುಲಭವಾಗಿ ಸೋರುವುದಿಲ್ಲ. ಆ ಎಲೆಕ್ಟ್ರಾನ್ ಮರಳಿ ಸೇರುವಾಗ 468.6 ನ್ಯಾನೋಮೀಟರಿನ ಗೆರೆ ಕಾಣುತ್ತದೆ. ಹೈಡ್ರೋಜನ್ ಉತ್ತರ ಕಡಿಮೆ, ಹೀಲಿಯಂ ಉತ್ತರ ಜಾಸ್ತಿ ಬಂದರೆ ಸೋರಿಕೆಯ ಅನುಮಾನ ಬರುತ್ತದೆ. ನಾನು ಹೀಲಿಯಂ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ.

ಇನ್ನೊಬ್ಬ ಸದಸ್ಯರು: ಮೇಡಂ, ನೀಹಾರಿಕೆಗಳ ಹಸಿರು ಬಣ್ಣ ಎಲ್ಲಿಂದ ಬರುತ್ತದೆ?

ಉತ್ತರ: ಅದರ ಹಿಂದೆ 63 ವರ್ಷದ ಒಗಟು ಇದೆ. 1864ರ ಆಗಸ್ಟ್ 29ರಂದು ವಿಲಿಯಂ ಹಗಿನ್ಸ್ ಬೆಕ್ಕಿನ ಕಣ್ಣು ನೀಹಾರಿಕೆಯ ರೋಹಿತ, ಅಂದರೆ ಪ್ರಿಸಂನಿಂದ ಬಣ್ಣಗಳಾಗಿ ಬಿಡಿಸಿದ ಬೆಳಕು, ನೋಡಿದರು. ಕಾಮನಬಿಲ್ಲಿನ ಪಟ್ಟಿ ಇರಲಿಲ್ಲ, ಒಂದೇ ಹೊಳೆಯುವ ಗೆರೆ. ಪ್ರಿಸಂ ಜರುಗಿರಬೇಕು ಅಂದುಕೊಂಡರಂತೆ. ಅದು ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಹಾಗಾಗಿ ‘ನೆಬುಲಿಯಂ’ ಅಂತ ಹೊಸ ಧಾತುವನ್ನೇ ಊಹಿಸಿದರು. 1927ರಲ್ಲಿ ಐರಾ ಬೋವೆನ್ ಬಿಡಿಸಿದರು: ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ, 500.7 ನ್ಯಾನೋಮೀಟರ್. ನಾವು ಉಸಿರಾಡುವ ಆಮ್ಲಜನಕವೇ! ಈ ಬೆಳಕು ಹೊಮ್ಮಲು ಆ ಅಯಾನು (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು) ಸರಾಸರಿ ಅರ್ಧ ನಿಮಿಷಕ್ಕೂ ಜಾಸ್ತಿ ಹೊತ್ತು ಯಾರ ಢಿಕ್ಕಿಯೂ ಇಲ್ಲದೆ ಕಾಯಬೇಕು. ಪ್ರಯೋಗಾಲಯದಲ್ಲಿ ಅಷ್ಟು ಬಿಡುವು ಎಲ್ಲಿ ಸಿಗುತ್ತದೆ? ನೀಹಾರಿಕೆಯಲ್ಲಿ ಸಿಗುತ್ತದೆ.

ಪ್ರಶ್ನೆ: ಈ ಹಸಿರು ಬೆಳಕನ್ನು ನಾನೇ ನೋಡಬಹುದಾ?

ಉತ್ತರ: ಖಂಡಿತ. ಐಪೀಸಿಗೆ ಸಿಕ್ಕಿಸುವ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗೀರು ಫಲಕ) ಒಂದು ಸಾಕು. ಉಂಗುರ ಸ್ವಲ್ಪ ಅಗಲ, ಬೇಡ. ಮಾರ್ಚ್-ಏಪ್ರಿಲ್‌ನಲ್ಲಿ ಹೈಡ್ರಾ ನಕ್ಷತ್ರಪುಂಜದ ಎನ್‌ಜಿಸಿ 3242 ಎಂಬ ನೀಹಾರಿಕೆಗೆ ಟೆಲಿಸ್ಕೋಪ್ ತಿರುಗಿಸಿ. ಸುತ್ತಲಿನ ನಕ್ಷತ್ರಗಳೆಲ್ಲ ಉದ್ದ ಗೆರೆಯಾಗಿ ಹರಡಿಕೊಳ್ಳುತ್ತವೆ. ನೀಹಾರಿಕೆ ಮಾತ್ರ ಪುಟ್ಟ ಹಸಿರು ಚುಕ್ಕೆಯಾಗಿಯೇ ನಿಲ್ಲುತ್ತದೆ. ನೋಡಿದ ಮೇಲೆ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.