1795ರ ನಂತರ ಹೈಡನ್ ಸಿಂಫನಿಯನ್ನು ಏಕೆ ಕೈಬಿಟ್ಟರು?

ಪ್ರಶ್ನೆ
ಬರೆದವರು: ಶ್ರೋತೃ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಖಯಾಲ್ ಗಾಯನವನ್ನು ಕೇಳುತ್ತ ಬೆಳೆದ ನನಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪರಿಚಯವಾದದ್ದು ಬಹಳ ತಡವಾಗಿ. ಆದರೆ ಈಗ ಆಸ್ಟ್ರಿಯಾದ ರಚನಕಾರ ಜೋಸೆಫ್ ಹೈಡನ್ ಅವರ ಕೃತಿಗಳನ್ನು ಬಿಟ್ಟು ಬೇರೆ ಕಡೆಗೆ ಕಿವಿ ಹೊರಳುತ್ತಿಲ್ಲ. ಅವರು ಹುಟ್ಟಿದ್ದು 1732ರಲ್ಲಿ, ತೀರಿಕೊಂಡದ್ದು 1809ರಲ್ಲಿ. ನನ್ನನ್ನು ವಿಶೇಷವಾಗಿ ಸೆಳೆದಿರುವುದು 1791ರಿಂದ 1802ರ ವರೆಗಿನ ಅವಧಿ, ಅಂದರೆ ಅರವತ್ತರ ಹೊಸ್ತಿಲಿನಿಂದ ಎಪ್ಪತ್ತರ ವರೆಗಿನ ಅವರ ಬದುಕು. ನಮ್ಮ ಭಾಗದವರಿಗೆ ಇಳಿವಯಸ್ಸಿನಲ್ಲಿ ಕಲೆ ಮತ್ತಷ್ಟು ಮಾಗುವುದು ಅಚ್ಚರಿಯ ಸಂಗತಿಯಲ್ಲ; ಮಲ್ಲಿಕಾರ್ಜುನ ಮನಸೂರರ ಅರವತ್ತರಾಚೆಯ ಗಾಯನವನ್ನು ಕೇಳಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಹೈಡನ್ ಆ ವಯಸ್ಸಿನಲ್ಲಿ ಇಷ್ಟೊಂದನ್ನು ಹೇಗೆ ರಚಿಸಿದರು ಎಂಬುದು ನನ್ನ ಪ್ರಶ್ನೆಯಲ್ಲ.

ನನ್ನ ಪ್ರಶ್ನೆ ಬೇರೆ ಇದೆ. ಲಂಡನ್ನಿನ ಎರಡು ಪ್ರವಾಸಗಳ ಕಾಲದಲ್ಲಿ, 1791 ಮತ್ತು 1795ರ ನಡುವೆ, ಅವರು 93ರಿಂದ 104ರ ವರೆಗಿನ ಸಂಖ್ಯೆಯ 12 ಸಿಂಫನಿಗಳನ್ನು (ಇಡೀ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ರಚಿಸಿದ ಕೃತಿಗಳನ್ನು) ಬರೆದರು. ಅವರ ಸಿಂಫನಿಗಳಲ್ಲೆಲ್ಲ ಇವೇ ಶ್ರೇಷ್ಠವೆಂದು ಬಹಳಷ್ಟು ಜನ ಒಪ್ಪುತ್ತಾರೆ. ಅಷ್ಟು ಎತ್ತರಕ್ಕೆ ಏರಿದ ಮೇಲೆ ಅವರು ಮತ್ತೊಂದು ಸಿಂಫನಿಯನ್ನೂ ಬರೆಯಲಿಲ್ಲ. ದಣಿದಿದ್ದರು ಎನ್ನೋಣವೆಂದರೆ, ಸುಮಾರು ಎರಡು ಗಂಟೆಗಳ ‘ಸೃಷ್ಟಿ’ ಎಂಬ ಒರಟೋರಿಯೊ (ಗಾಯಕರು ಮತ್ತು ವಾದ್ಯವೃಂದ ಸೇರಿ ಅಭಿನಯವಿಲ್ಲದೆ ಹಾಡುವ ಕಥನಕೃತಿ), ಅದಕ್ಕಿಂತ ದೀರ್ಘವಾದ ‘ಋತುಗಳು’, ಆರು ದೊಡ್ಡ ಮಾಸ್‌ಗಳು (ಚರ್ಚಿನ ಪ್ರಾರ್ಥನೆಯ ಸಂಗೀತ), ಎಂಟು ಕ್ವಾರ್ಟೆಟ್‌ಗಳು (ನಾಲ್ಕು ತಂತಿವಾದ್ಯಗಳ ಕೃತಿಗಳು) ಎಲ್ಲವೂ ಆ ನಂತರದವು. ಎರಡು ಗಂಟೆಗಳ ಕೃತಿಗೆ ಉಳಿದಿದ್ದ ಶಕ್ತಿ ಅರ್ಧ ಗಂಟೆಯ ಸಿಂಫನಿಗೆ ಏಕೆ ಉಳಿಯಲಿಲ್ಲ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ. ಜೊತೆಗೆ, ರಾಗಸಂಗೀತಕ್ಕೆ ಒಗ್ಗಿದ ಕಿವಿಯು ಈ ದಶಕದ ಕೃತಿಗಳನ್ನು ಎಲ್ಲಿಂದ ಹಿಡಿಯಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ
ಬರೆದವರು: ಮಂದ್ರಸಪ್ತಕ, ಬಾಗಲಕೋಟೆ

ಅಕ್ಕಾ, ಇದಕ್ಕೆ ನೇರವಾದ ಉತ್ತರವಿದೆ. ವಿಯೆನ್ನಾದಲ್ಲಿ ಅವರಿಂದ ಸಿಂಫನಿಯನ್ನು ಬೇಡುವವರು ಇರಲಿಲ್ಲ.

ಆ ಕಾಲದ ರಚನಕಾರರು ಬೇಡಿಕೆ ಬಂದಾಗ ಬರೆಯುತ್ತಿದ್ದರು. 1761ರಿಂದ ಹೈಡನ್ ಹಂಗೇರಿಯ ಶ್ರೀಮಂತ ಎಸ್ಟರ್‌ಹಾಜಿ ಮನೆತನದ ಸೇವೆಯಲ್ಲಿದ್ದರು. ಸಂಗೀತವೆಂದರೆ ಪ್ರಾಣ ಬಿಡುತ್ತಿದ್ದ ಅರಸು ನಿಕೊಲಾಸ್ 1790ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ, ಅವರ ಮಗ ಆಂಟನ್ ವಾದ್ಯವೃಂದದ ಬಹುಭಾಗವನ್ನು ವಿಸರ್ಜಿಸಿ, ಹೈಡನ್ನರಿಗೆ ಪಿಂಚಣಿಯನ್ನು ಉಳಿಸಿಕೊಟ್ಟು ಹೋಗಿಬರುವ ಸ್ವಾತಂತ್ರ್ಯ ನೀಡಿದರು. ಲಂಡನ್ನಿನಲ್ಲಿ ಸಂಗೀತ ಸಭೆಗಳನ್ನು ನಡೆಸುತ್ತಿದ್ದ ವಯೊಲಿನ್ ವಾದಕ ಜೋಹಾನ್ ಪೀಟರ್ ಸಾಲೊಮನ್ ಸುದ್ದಿ ತಿಳಿದೊಡನೆ ವಿಯೆನ್ನಾಕ್ಕೆ ಧಾವಿಸಿ ಒಪ್ಪಂದ ಮಾಡಿಕೊಂಡರು. ಡಿಸೆಂಬರಿನಲ್ಲಿ ಇಬ್ಬರೂ ಹೊರಟು, 1791ರ ಹೊಸ ವರ್ಷದ ದಿನ ಇಂಗ್ಲೆಂಡಿನ ದಡ ಮುಟ್ಟಿದರು. ಹೊಸ ಸಿಂಫನಿಗಳು ಆ ಒಪ್ಪಂದದಲ್ಲಿಯೇ ಸೇರಿದ್ದವು. ಚಂದಾ ಕೊಟ್ಟು ಸಭೆಗೆ ಬರುತ್ತಿದ್ದ ಜನರಿಗೆ ಪ್ರತಿ ಋತುವಿನಲ್ಲಿಯೂ ಹೊಸದು ಬೇಕಾಗಿತ್ತು. 1795ರಲ್ಲಿ ಅವರು ಮರಳಿ ಬಂದಾಗ ವಿಯೆನ್ನಾದಲ್ಲಿ ಅಂಥ ನಿಯತವಾದ ಸಾರ್ವಜನಿಕ ಸಭೆಗಳ ಏರ್ಪಾಟು ಇರಲಿಲ್ಲ. ಆ ವೇಳೆಗೆ ಪಟ್ಟಕ್ಕೆ ಬಂದಿದ್ದ ಎರಡನೆಯ ನಿಕೊಲಾಸ್‌ಗೆ ಒಲವಿದ್ದದ್ದು ಚರ್ಚಿನ ಸಂಗೀತದಲ್ಲಿ. ಅವರು ಹೈಡನ್ನರಿಂದ ಮುಖ್ಯವಾಗಿ ಬಯಸಿದ್ದು ವರ್ಷಕ್ಕೊಂದು ಮಾಸ್ ಅಷ್ಟೇ. ಕೇಳುವವರು ಬದಲಾದರು, ಬರೆಯುವುದೂ ಬದಲಾಯಿತು.

ಉತ್ತರ
ಬರೆದವರು: ವಿಲಂಬಿತ, ವಿಜಯಪುರ

ಶರಣು. ಮೇಲಿನ ಉತ್ತರದಲ್ಲಿ ಹೇಳಿದ ಸಂಗತಿಗಳೆಲ್ಲ ಸರಿಯಾಗಿವೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನಂಥ ಸಂಗೀತಪ್ರಿಯ ದೊರೆಯ ಊರಿನವನಾದ ನನಗೆ ಆಶ್ರಯದಾತನ ಅಭಿರುಚಿಯ ಬಲ ಎಷ್ಟೆಂಬುದನ್ನು ಅಲ್ಲಗಳೆಯುವ ಮನಸ್ಸಿಲ್ಲ. ಆದರೆ ಬೇಡಿಕೆಯೊಂದರಿಂದಲೇ ವಿವರಿಸಿದರೆ, 1795ರಲ್ಲಿ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದಂತಾಗುತ್ತದೆಯೇ ಹೊರತು ಒಳಗಿದ್ದ ಸಂಗೀತ ಏನಾಯಿತು ಎಂಬುದು ತಿಳಿಯುವುದಿಲ್ಲ. ನನ್ನ ದೃಢವಾದ ಅಭಿಪ್ರಾಯವೆಂದರೆ, ಹೈಡನ್ ಸಿಂಫನಿಯನ್ನು ಕೈಬಿಡಲಿಲ್ಲ. ಲಂಡನ್ನಿನಲ್ಲಿ ಕಟ್ಟಿಕೊಂಡ ಸಿಂಫನಿಯ ಶಿಲ್ಪವನ್ನೇ ಮಾಸ್‌ನ ಒಳಗೆ, ಒರಟೋರಿಯೊದ ಒಳಗೆ ತೆಗೆದುಕೊಂಡು ಹೋದರು.

ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಲಂಡನ್ನಿನ 12 ಸಿಂಫನಿಗಳಲ್ಲಿ 95ನೆಯದನ್ನು ಬಿಟ್ಟು ಉಳಿದ ಹನ್ನೊಂದೂ ನಿಧಾನಗತಿಯ ಪೀಠಿಕೆಯಿಂದ ಆರಂಭವಾಗುತ್ತವೆ. ಆ ಪೀಠಿಕೆ ಕೇಳುವವರನ್ನು ಅನಿಶ್ಚಿತತೆಯಲ್ಲಿ ನಿಲ್ಲಿಸಿ, ಅನಂತರ ವೇಗದ ಭಾಗವನ್ನು ಬಿಡುಗಡೆಯಂತೆ ತೆರೆದಿಡುತ್ತದೆ. 101 ಮತ್ತು 104ನೆಯ ಸಿಂಫನಿಗಳಲ್ಲಿ ಪೀಠಿಕೆ ಡಿ ಮೈನರ್‌ನಲ್ಲಿದ್ದು, ವೇಗದ ಭಾಗ ಡಿ ಮೇಜರ್‌ಗೆ ತಿರುಗುತ್ತದೆ: ಷಡ್ಜ ಅದೇ ಇರುತ್ತದೆ, ಕೋಮಲ ಗಾಂಧಾರ ಹೋಗಿ ಶುದ್ಧ ಗಾಂಧಾರ ಬರುತ್ತದೆ. ಈಗ 1796ರ ‘ಯುದ್ಧಕಾಲದ ಮಾಸ್’, 1799ರ ಥೆರೇಸಿಯಾ ಮಾಸ್, 1801ರ ಸೃಷ್ಟಿ ಮಾಸ್ ಇವುಗಳ ಮೊದಲ ಭಾಗವನ್ನು ಕೇಳಿ. ಅದೇ ನಿಧಾನಗತಿಯ ಪೀಠಿಕೆ, ಅದೇ ವೇಗದ ಮುಖ್ಯಭಾಗ. ಮೇಲೆ ಪ್ರಾರ್ಥನೆಯ ಮಾತುಗಳು ಕೂಡಿಕೊಂಡಿವೆ. ಅಲ್ಲದೆ ಹಳೆಯ ಪದ್ಧತಿಯಂತೆ ಒಬ್ಬೊಬ್ಬ ಗಾಯಕರಿಗೆ ಪ್ರತ್ಯೇಕವಾದ ದೊಡ್ಡ ಹಾಡುಗಳನ್ನು ಕೊಡುವುದನ್ನು ಕಡಿಮೆ ಮಾಡಿ, ನಾಲ್ವರು ಗಾಯಕರನ್ನು ಒಂದು ಗುಂಪಾಗಿ ನಿಲ್ಲಿಸಿ, ಅವರಿಗೂ ಮೇಳಕ್ಕೂ (ಸಮೂಹಗಾಯಕರ ಗುಂಪಿಗೂ) ನಡುವೆ ಮಾತುಕತೆ ನಡೆಸುತ್ತಾರೆ. ಇದು ವಾದ್ಯವೃಂದದಲ್ಲಿ ಗಾಳಿವಾದ್ಯಗಳಿಗೂ ತಂತಿವಾದ್ಯಗಳಿಗೂ ನಡುವೆ ಅವರು ಮೊದಲಿನಿಂದ ನಡೆಸುತ್ತ ಬಂದ ವ್ಯವಹಾರವೇ ಆಗಿದೆ.

‘ಸೃಷ್ಟಿ’ಯ ಆರಂಭದಲ್ಲಿ ಈ ಶಿಲ್ಪ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಕಾಣುತ್ತದೆ. ಸೃಷ್ಟಿಗೆ ಮೊದಲಿನ ಅವ್ಯವಸ್ಥೆಯನ್ನು ಚಿತ್ರಿಸುವ ವಾದ್ಯಭಾಗ ಸಿ ಮೈನರ್‌ನಲ್ಲಿದೆ. ಸ್ವರಗಳು ಎಲ್ಲಿಯೂ ನೆಲೆ ನಿಲ್ಲದೆ, ನಿಂತಿತು ಎನ್ನುವಷ್ಟರಲ್ಲಿ ಜಾರಿಹೋಗುತ್ತವೆ. ಅನಂತರ ಮೇಳದವರು ಬಹಳ ಮೆಲ್ಲಗೆ ‘ಬೆಳಕಾಗಲಿ’ ಎಂಬ ವಚನವನ್ನು ಹಾಡಿ, ‘ಬೆಳಕಾಯಿತು’ ಎಂದೊಡನೆ ಇಡೀ ವಾದ್ಯವೃಂದವು ಸಿ ಮೇಜರ್‌ನಲ್ಲಿ ಒಮ್ಮೆಲೇ ಮೊಳಗುತ್ತದೆ. 1792ರಲ್ಲಿ 94ನೆಯ ಸಿಂಫನಿಯ ನಿಧಾನಗತಿಯ ಭಾಗದಲ್ಲಿ, ಮೆದುವಾಗಿ ಸಾಗುತ್ತಿದ್ದ ಸರಳ ಧಾಟಿಯ ಕೊನೆಗೆ ಇಡೀ ವೃಂದವನ್ನು ಗಟ್ಟಿಯಾಗಿ ನುಡಿಸಿ ಲಂಡನ್ನಿನ ಸಭಿಕರನ್ನು ಬೆಚ್ಚಿಬೀಳಿಸಿದ ಅದೇ ಕೈಚಳಕವಿದು. ಅಲ್ಲಿ ವಿನೋದಕ್ಕಾಗಿ ಬಳಸಿದ್ದನ್ನು ಇಲ್ಲಿ ಆರು ವರ್ಷಗಳ ನಂತರ ವಿಸ್ಮಯಕ್ಕಾಗಿ ಬಳಸಿದ್ದಾರೆ. ಈ ಎರಡು ಸ್ಥಳಗಳನ್ನು ಒಂದರ ಹಿಂದೆ ಒಂದರಂತೆ ಕೇಳಿದವರಿಗೆ ಆ ದಶಕದ ಒಳಬಳ್ಳಿ ಸಿಕ್ಕೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಲಂಡನ್ನಿಗೆ ಸಲ್ಲಬೇಕಾದ ಇನ್ನೊಂದು ಋಣವೂ ಇದೆ. 1791ರ ಬೇಸಿಗೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹಿಂದಿನ ತಲೆಮಾರಿನ ರಚನಕಾರ ಹ್ಯಾಂಡಲ್ ಅವರ ಸ್ಮರಣಾರ್ಥ ನಡೆದ ಉತ್ಸವದಲ್ಲಿ ಸಾವಿರದಷ್ಟು ಗಾಯಕ ವಾದಕರು ಒಟ್ಟಾಗಿ ಒರಟೋರಿಯೊಗಳನ್ನು ಹಾಡಿ ನುಡಿಸಿದ್ದನ್ನು ಹೈಡನ್ ಕೇಳಿದರು. ಇಡೀ ಒಂದು ಜನಸಮುದಾಯವು ಒಂದೇ ಕೃತಿಯನ್ನು ತನ್ನದೆಂದು ಕೇಳುವ ಆ ಬಗೆ ಅವರ ಮನಸ್ಸಿನಲ್ಲಿ ಉಳಿಯಿತು. 1795ರಲ್ಲಿ ಹಿಂದಿರುಗುವಾಗ ಸೃಷ್ಟಿಯ ಕಥೆಯನ್ನು ಕುರಿತ ಇಂಗ್ಲಿಷ್ ಸಾಹಿತ್ಯವೊಂದನ್ನು ಜೊತೆಗೆ ತಂದರು. ವಿಯೆನ್ನಾದ ಗಾಟ್‌ಫ್ರೀಡ್ ಫಾನ್ ಸ್ವೀಟನ್ ಅದನ್ನು ಜರ್ಮನ್ ಭಾಷೆಯಲ್ಲಿ ಸಿದ್ಧಪಡಿಸಿಕೊಟ್ಟರು. 1798ರ ಏಪ್ರಿಲ್ ಕೊನೆಯಲ್ಲಿ ಶ್ವಾರ್ಟ್ಸೆನ್‌ಬರ್ಗ್ ಅರಮನೆಯಲ್ಲಿ ಆಹ್ವಾನಿತರ ಮುಂದೆ, 1799ರ ಮಾರ್ಚ್ 19ರಂದು ಬುರ್ಗ್ ರಂಗಮಂದಿರದಲ್ಲಿ ಸಾರ್ವಜನಿಕರ ಮುಂದೆ ಅದು ನಡೆಯಿತು. ಹಾಗಾಗಿ ಸಿಂಫನಿಗಳನ್ನು ಬರೆಯುತ್ತಿದ್ದಾಗಲೇ ಮುಂದಿನ ಕೆಲಸದ ಬೀಜ ಬಿದ್ದಿತ್ತು.

ಅನುಪ್ರಶ್ನೆ
ಬರೆದವರು: ಶ್ರೋತೃ, ಬೆಳಗಾವಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. 94ನೆಯ ಸಿಂಫನಿಯನ್ನೂ ‘ಸೃಷ್ಟಿ’ಯ ಆರಂಭವನ್ನೂ ಒಟ್ಟಿಗೆ ಕೇಳಿದೆ, ವಿಜಯಪುರದ ಹಿರಿಯರು ಹೇಳಿದ ಮಾತು ಮನವರಿಕೆಯಾಯಿತು. ಆದರೆ ಒಂದು ಸಂದೇಹ ಉಳಿದಿದೆ. ಸಿಂಫನಿಯ ಶಿಲ್ಪವೇ ಮಾಸ್‌ಗಳಲ್ಲಿ ಮುಂದುವರಿಯಿತು ಎನ್ನುವುದಾದರೆ, 1798ರ ನೆಲ್ಸನ್ ಮಾಸ್‌ನಲ್ಲಿ ಕೊಳಲು, ಕ್ಲಾರಿನೆಟ್, ಓಬೊ ಯಾವುವೂ ಇಲ್ಲವಲ್ಲ? ಲಂಡನ್ನಿನ ತುಂಬಿದ ವಾದ್ಯವೃಂದದ ನಂತರ ಅದು ಇಷ್ಟು ಬರಿದಾಗಿ ಏಕೆ ಕೇಳಿಸುತ್ತದೆ?

ಉತ್ತರ
ಬರೆದವರು: ಕ್ಯಾಂಪಿನ ಕಹಳೆ, ಬೆಳಗಾವಿ

ಅಕ್ಕಾ, ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸಿದವನಾದ್ದರಿಂದ ವಾದ್ಯಗಳ ವಿಷಯದಲ್ಲಿ ನಾನು ಉತ್ತರಿಸಬಲ್ಲೆ. ಆ ಬರಿದುತನ ಮೊದಲು ಬಂದದ್ದು ಅನಿವಾರ್ಯತೆಯಿಂದ. ನೆಪೋಲಿಯನ್ನನ ಯುದ್ಧಗಳ ಆ ಕಾಲದಲ್ಲಿ ಎಸ್ಟರ್‌ಹಾಜಿ ಅರಸರು ಗಾಳಿವಾದ್ಯದವರನ್ನು ಸೇವೆಯಿಂದ ಬಿಡುಗಡೆ ಮಾಡಿದ್ದರು. ಹೈಡನ್ನರ ಕೈಯಲ್ಲಿ ಉಳಿದದ್ದು ತಂತಿವಾದ್ಯಗಳು, ಆರ್ಗನ್, ಮೂರು ಟ್ರಂಪೆಟ್ ಮತ್ತು ಟಿಂಪನಿ (ನಗಾರಿಯಂಥ ವಾದ್ಯ). ಆದರೆ ಆ ಕೊರತೆಯನ್ನು ಅವರು ಬಳಸಿಕೊಂಡ ಬಗೆಯನ್ನು ನೋಡಬೇಕು. ಡಿ ಮೈನರ್‌ನ ಆ ಮೊದಲ ಭಾಗದಲ್ಲಿ ಟ್ರಂಪೆಟ್ ಮತ್ತು ಟಿಂಪನಿಗಳು ಹಬ್ಬದ ಸಡಗರವನ್ನು ಬಿಟ್ಟು ಎಚ್ಚರಿಕೆಯ ಗಂಟೆಯಾಗುತ್ತವೆ. ನಡುವೆ ಮೆತ್ತಗೆ ಮಾಡುವ ಕ್ಲಾರಿನೆಟ್ ಇಲ್ಲದ್ದರಿಂದಲೇ ಆ ನಾದ ಅಷ್ಟು ಹರಿತವಾಗಿದೆ. ಕೃತಿಗೆ ಅವರು ಕೊಟ್ಟ ಹೆಸರಿನಲ್ಲಿ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಇಲ್ಲ, ಸಂಕಟಕಾಲದ ಮಾಸ್ ಎಂದಷ್ಟೇ ಇದೆ. 1802ರ ಕೊನೆಯ ಮಾಸ್ ಇದಕ್ಕೆ ನೇರ ವಿರುದ್ಧ: ಅಲ್ಲಿ ಗಾಳಿವಾದ್ಯಗಳು ತುಂಬಿ ತುಳುಕುತ್ತವೆ, ಅದರ ಹೆಸರೇ ಆ ವಾದ್ಯಗುಂಪಿನಿಂದ ಬಂದಿದೆ. ಅದು ಅವರು ಪೂರ್ಣಗೊಳಿಸಿದ ಕೊನೆಯ ದೊಡ್ಡ ಕೃತಿ.

ಮರಾಠಾ ಪದಾತಿ ದಳದ ಕೇಂದ್ರವಿರುವ ನಮ್ಮ ಊರಿನಲ್ಲಿ ಸೇನಾ ಬ್ಯಾಂಡಿನ ನಾದಕ್ಕೆ ಒಗ್ಗಿದವರಿಗೆ 1794ರ 100ನೆಯ ಸಿಂಫನಿ ಬೇಗ ಹಿಡಿಸುತ್ತದೆ. ಅದರ ಎರಡನೆಯ ಭಾಗದಲ್ಲಿ ದೊಡ್ಡ ಡ್ರಮ್, ಸಿಂಬಲ್, ಟ್ರಯಾಂಗಲ್‌ಗಳು ಧುಮುಕಿ ಬರುತ್ತವೆ. ಕೊನೆಯ ಹೊತ್ತಿಗೆ ಟ್ರಂಪೆಟ್ ಒಂಟಿಯಾಗಿ ಸೇನೆಯ ಕರೆಯನ್ನು ಊದುತ್ತದೆ. ಟ್ರಂಪೆಟ್ ಕಾನ್ಸರ್ಟೊ (ಒಂಟಿ ಟ್ರಂಪೆಟ್ ಮತ್ತು ವಾದ್ಯವೃಂದದ ಕೃತಿ) 1796ರದು. ಆಗಿನ ಸಾದಾ ಟ್ರಂಪೆಟ್ಟಿನ ಕೆಳಗಿನ ಸ್ಥಾಯಿಯಲ್ಲಿ ಷಡ್ಜ, ಪಂಚಮ, ಗಾಂಧಾರಗಳಷ್ಟೇ ಸಿಗುತ್ತಿದ್ದವು. ವಿಯೆನ್ನಾದ ಆಂಟನ್ ವೈಡಿಂಗರ್ ಅದಕ್ಕೆ ಕೀಲಿಗಳನ್ನು ಅಳವಡಿಸಿ ನಡುವಿನ ಸ್ವರಗಳನ್ನೂ ಹೊರಡಿಸಿದರು. ಆ ಹೊಸ ವಾದ್ಯಕ್ಕಾಗಿಯೇ ಹೈಡನ್ ಅದನ್ನು ಬರೆದರು. ಅದರ ನಿಧಾನಗತಿಯ ಭಾಗವನ್ನು ಹಳೆಯ ಟ್ರಂಪೆಟ್ಟಿನಲ್ಲಿ ನುಡಿಸಲು ಸಾಧ್ಯವೇ ಇರಲಿಲ್ಲ. ಅರವತ್ತನಾಲ್ಕರ ವಯಸ್ಸಿನಲ್ಲಿ, ಯಾರೂ ಪಳಗಿಸದ ವಾದ್ಯವನ್ನು ನಂಬಿ ಬರೆದದ್ದು ನನಗೆ ಬಹಳ ದೊಡ್ಡ ವಿಷಯವೆನಿಸುತ್ತದೆ.

ಎಲ್ಲಿಂದ ಹಿಡಿಯಬೇಕೆಂದು ಮೊದಲೇ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರಿಸಿಲ್ಲ. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗೆ 104ನೆಯ ಸಿಂಫನಿಯ ಕೊನೆಯ ಭಾಗ ಒಳ್ಳೆಯ ದಾರಿ. ಅಲ್ಲಿ ಕೆಳಗಿನ ವಾದ್ಯಗಳು ಷಡ್ಜವನ್ನು ಬಿಡದೆ ಹಿಡಿದಿರುತ್ತವೆ, ಮೇಲೆ ಜನಪದ ಧಾಟಿಯ ರಾಗ ಓಡಾಡುತ್ತದೆ. ಅನಂತರ 1797ರ ಹೊತ್ತಿಗೆ ಮುಗಿದ, ಕೃತಿಸಂಖ್ಯೆ 76ರ ಆರು ಕ್ವಾರ್ಟೆಟ್‌ಗಳಿಗೆ ಬನ್ನಿ. ಎರಡನೆಯದರ ಆರಂಭದಲ್ಲಿ ಮೊದಲ ವಯೊಲಿನ್ ಪಂಚಮದಿಂದ ಷಡ್ಜಕ್ಕೆ, ಮತ್ತೆ ರಿಷಭದಿಂದ ಮಂದ್ರ ಪಂಚಮಕ್ಕೆ ಇಳಿಯುತ್ತದೆ; ಆ ನಾಲ್ಕು ಸ್ವರಗಳ ಮೇಲೆ ಇಡೀ ಭಾಗ ನಿಂತಿದೆ. ಮೂರನೆಯದರ ಎರಡನೆಯ ಭಾಗದಲ್ಲಿ, ಚಕ್ರವರ್ತಿಗಾಗಿ ತಾವೇ ರಚಿಸಿ 1797ರ ಫೆಬ್ರುವರಿ 12ರಂದು ಮೊದಲು ಹಾಡಿಸಿದ ಗೀತೆಯ ಧಾಟಿಯನ್ನು ಅವರು ಎತ್ತಿಕೊಂಡಿದ್ದಾರೆ. ತಬಲಾ ಸೋಲೋದಲ್ಲಿ ಲೆಹರಾ ಬದಲಾಗದೆ ಸುತ್ತುತ್ತಿರುವಂತೆ, ಇಲ್ಲಿ ಧಾಟಿ ಒಂದು ಸ್ವರವೂ ಬದಲಾಗದೆ ಎರಡನೆಯ ವಯೊಲಿನ್, ಚೆಲ್ಲೊ, ವಿಯೋಲಾ, ಮತ್ತೆ ಮೊದಲ ವಯೊಲಿನ್ ಎಂಬ ಕ್ರಮದಲ್ಲಿ ಕೈಯಿಂದ ಕೈಗೆ ಹೋಗುತ್ತದೆ. ಬದಲಾಗುವುದು ಅದರ ಸುತ್ತಲಿನ ನೇಯ್ಗೆ ಮಾತ್ರ. ಇವಿಷ್ಟನ್ನು ಕೇಳಿಯೇ ಮಾಸ್‌ಗಳಿಗೆ ಹೋಗಿರಿ. ‘ಋತುಗಳು’ ಕೃತಿಯನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಅದು ದೀರ್ಘವಾಗಿದೆ, ಮತ್ತು ಮೇಳ, ವಾದ್ಯವೃಂದ, ಜನಪದ ಕುಣಿತ ಇವನ್ನೆಲ್ಲ ಬೇರೆ ಬೇರೆಯಾಗಿ ಗುರುತಿಸಬಲ್ಲ ಕಿವಿಗೆ ಅದರ ಸೊಗಸು ಹೆಚ್ಚು ತಿಳಿಯುತ್ತದೆ.